ಅಂಟು

ಹಲಸು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೋ
ಅನ್ನುತ್ತಿದ್ದಳು ತೂಬಗೆರೆಯ ನನ್ನಜ್ಜಿ.
ಯಾವ ಮಾತು ಯಾವ ಕಾಲಕ್ಕೆ ಒದಗುತ್ತದೋ!
ಇಲ್ಲಿ ಮುಹರ್ರಕ್ಕಿನ ಒಳಾಂಗಣದಲ್ಲಿ, ರಾತ್ರಿ ಹನ್ನೊಂದಕ್ಕೆ,
ಅರ್ಧ ದೀಪ ಆರಿಸಿದ ಮೇಲೆ
ಮಂಡಿಯೂರಿ ನಾನು ಕೆರೆಯುವುದೂ ಮೇಣವನ್ನೇ.
ಹಲಸಿನದಲ್ಲ, ಹ್ಯಾಂಡ್‌ಬಾಲಿನದು.
ಚೆಂಡು ಒಂದೇ ಕೈಯಲ್ಲಿ ನಿಲ್ಲಲೆಂದು
ಆಟಗಾರರು ಬೆರಳಿಗೆ ಬಳಿದುಕೊಳ್ಳುವ ರಾಳ:
ಬೂಟಿನ ಮೇಲೊಂದು ಮುದ್ದೆ ಮೆತ್ತಿಕೊಂಡು
ಓಡುತ್ತಲೇ ಬಾಗಿ ತೆಗೆಯುತ್ತಾರೆ,
ಡಬ್ಬಿಯಿಂದ ನಶ್ಯ ತೆಗೆದ ಹಾಗೆ.

ಹದಿನಾಲ್ಕು ವರ್ಷದಿಂದ ಈ ನೆಲ ಓದುತ್ತಿದ್ದೇನೆ.
ಪೇಪರು ಓದಲು ನನಗೆ ಅರಬ್ಬಿ ಬಾರದು.

ಮೊದಮೊದಲು ಕಲೆಯೆಲ್ಲ ನಮ್ಮ, ತಪ್ಪಿದೆ, ಅವರ
ಆರು ಮೀಟರಿನ ಗೆರೆಯ ಸುತ್ತಲೇ.
ಬಂದವರು ಎಸೆದರು, ಇವರು ತಡೆದರು,
ಬಿದ್ದರು, ಎದ್ದರು, ಮತ್ತೆ ಬಿದ್ದರು;
ಆಚೆಯ ಅರ್ಧ ಕನ್ನಡಿ.
ಯೂರೋಪಿನದೊಂದು ತಂಡ ಬಂದು ಆಡಿ ಹೋದ ರಾತ್ರಿ
ನಲವತ್ತೊಂದು, ಹದಿನೇಳು.
ಗೋಲಿ ಮೀರ್ಜಾ ಕಂಬಕ್ಕೊರಗಿ ಕೂತೇ ಇದ್ದ.
(ಹಗಲು ಅವನು ಬೆಂಕಿ ಆರಿಸುವ ಲಾರಿ ಓಡಿಸುತ್ತಾನೆ.)
"ಗಂಗಾ" ಅಂದ.
ಗಂಗಹನುಮಯ್ಯ ಎಂಬಷ್ಟು ಉದ್ದ ಇಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ.
"ಈಗಲೇ ಒರೆಸಬೇಡ. ಎಲ್ಲೆಲ್ಲಿ ಬಿದ್ದೆ, ನೋಡಬೇಕು."
ಮಾಪು ಹಿಡಿದು ನಿಂತೆ. ಕೊನೆಯ ಬಸ್ಸು ಹೋಯಿತು.

ಆಮೇಲೆ ತುನೀಸಿಯಾದ ಕೋಚ್ ಬಂದ. ಗಿಡ್ಡ, ಬಾಯಿ ಜೋರು.
ಪಕ್ಕದ ನಿಲ್ದಾಣದಿಂದ ವಿಮಾನವೆದ್ದು ಸೂರಿನ ತಗಡು ನಡುಗಿದರೆ
ಅವನು ಅದಕ್ಕಿಂತ ಜೋರು.
ರಂಜಾನಿನ ರಾತ್ರಿಗಳಲ್ಲಿ ಎರಡು ಗಂಟೆಯವರೆಗೆ ಓಡಿಸಿದ,
ಬ್ಯಾಂಕಿನ ಗುಮಾಸ್ತನನ್ನು, ಲೆಕ್ಕದ ಮೇಷ್ಟ್ರನ್ನು,
ಸೀಗಡಿ ಬಲೆಯ ವಾಸನೆ ಹೋಗದ ಅಣ್ಣತಮ್ಮಂದಿರನ್ನು.
ಮತ್ತೆ ಎಡಚ ಹುಡುಗ ಇಯಾದನನ್ನು,
ಬೈದರೆ ನಗುವವನು ಅವನೊಬ್ಬನೇ.

ಕಲೆಗಳು ಗೆರೆ ದಾಟಿದವು.
ಒಂದು ಚಳಿಗಾಲ ಆಚೆ ಹನ್ನೊಂದು ಎಣಿಸಿದೆ,
ಮರುವರ್ಷ ಎಣಿಸುವುದು ಬಿಟ್ಟೆ.
ಎದುರಾಳಿಯ ವೃತ್ತದೊಳಗೆ ಎರಡು ಅಂಗೈ, ಒಂದು ಎದೆ:
ಇಯಾದ್ ಹಾರಿ, ಗಾಳಿಯಲ್ಲೇ ಎಸೆದು, ದೊಪ್ಪೆಂದು ಬಿದ್ದ ಜಾಗ.
ನನ್ನ ಕೆಲಸ ದುಪ್ಪಟ್ಟಾಯಿತು, ಸಂಬಳ ಆಗಲಿಲ್ಲ.
ಸಿಟ್ಟು ಬರಬೇಕಿತ್ತು.

ವಿಶ್ವಕಪ್ಪಿನ ಬಾಗಿಲು ತೆರೆಯುವ ಪಂದ್ಯ ಬೇರೆ ದೇಶದಲ್ಲಿ.
ಬಕೆಟ್ಟಿಗೆ ಫೋನು ಆನಿಸಿಟ್ಟು
ಕಾವಲಿನ ದಿಲ್ ಬಹಾದೂರನೂ ನಾನೂ ಕರಕ್ ಚಹಾ ಆರಿಸಿಕೊಂಡು ಕೂತೆವು.
ಒಂದು ಗೋಲಿನ ಮುನ್ನಡೆ. ಗಡಿಯಾರದಲ್ಲಿ ನಾಲ್ಕು ಸೆಕೆಂಡು.
ಅವರಿಗೆ ಏಳು ಮೀಟರಿನ ಎಸೆತ.
ಮೀರ್ಜಾ ಎರಡು ಕಂಬ ಮುಟ್ಟಿದ, ಮುಂದೆ ಬಂದ,
ಕೈ ಚಾಚಿದ, ಕಾಲೂ ಚಾಚಿದ,
ಚಿತ್ರ ನಿಂತಿತು.
ಹಾಳು ನೆಟ್ವರ್ಕು.
ಸುದ್ದಿ ಬಂದದ್ದು ಹೊರಗಿನಿಂದ:
ಮೊದಲೊಂದು ಕಾರಿನ ಹಾರನ್ನು,
ಆಮೇಲೆ ಸೇತುವೆಯ ಉದ್ದಕ್ಕೂ.

ದಿಲ್ ಬಹಾದೂರ ಕುಣಿದ.
ನಾನು ದೀಪ ಹಾಕಿ ನೆಲ ನೋಡಿದೆ.
ಹದಿನೇಳು ದಿನದಿಂದ ಯಾರೂ ಬೀಳದ ನೆಲ,
ಬಾಣಲೆಯಿಲ್ಲದ ಒಲೆಯ ಹಾಗೆ ಚೊಕ್ಕಟ.
ಸುಮ್ಮನಿರಲಾರದೆ ಒಮ್ಮೆ ಒರೆಸಿದೆ.

ಸನ್ಮಾನಕ್ಕೆ ದೊಡ್ಡವರು ಬರುತ್ತಾರೆ, ಎಲ್ಲ ಹೊಳೆಯಬೇಕು, ಅಪ್ಪಣೆಯಾಯಿತು.
ಕಂಬಗಳ ಮೇಲೆ ಮೀರ್ಜಾನ ಅಂಗೈ
ಪದರದ ಮೇಲೆ ಪದರ, ಕಂದು ಕಪ್ಪಾಗಿ, ಹಲ್ಲೆಯಂತೆ.
ಎರಡು ಬಾಟಲಿ ಕೊಬ್ಬರಿ ಎಣ್ಣೆ ಹಿಡಿಯಿತು.
ಬಿಟ್ಟುಬಿಡಲೇ ಅಂದುಕೊಂಡೆ. ಬಿಡಲಿಲ್ಲ,
ಕೆಲಸ ಕೆಲಸವೇ.

ಮರುದಿನ ಮಗಳ ಫೀಸು ಕಳಿಸಲು ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತಿದ್ದೆ.
ಕಿಟಕಿಯಾಚೆ ಮಲಯಾಳಿ ಸುಧೀಶ:
"ನಿಮ್ಮ ಟೀಮು ಗೆದ್ದಿತಂತೆ?"
ನಿಮ್ಮ!
ತಿದ್ದಲು ಬಾಯಿ ತೆರೆದೆ.
ದಿನಾರು ಎಣಿಸಿಕೊಟ್ಟೆ, ಅವನು ಮತ್ತೆ ಎಣಿಸಿದ,
"ಒಂದು ಕಡಿಮೆ" ಅಂದ.
ನೋಡಿದರೆ
ಹೆಬ್ಬೆರಳಿಗಂಟಿ ಕೂತಿದೆ, ಕೊಡವಿದರೂ ಬೀಳದೆ.