ಗಂಟು ಹಾಕಿದ ದಾರ

ಬೈನಾದ ಬಾರಿನವನು, ಗದಗಿನ ಕಡೆಯವ,
ಖಾಲಿ ರಟ್ಟಿನ ಪೆಟ್ಟಿಗೆ ಕೊಡುತ್ತ ಕೇಳಿದ,
"ಮನಿ ಬಿಡಾಕ ಹತ್ತೀರೇನು ಆಯಾ?"
ಇಲ್ಲಪ್ಪ, ಕುರ್ಚಿ ಮಾಡಾಕ, ಅಂದೆ.
ಹಗಲು ಹೊತ್ತಿನಲ್ಲೇ ಅಂಥ ಮಾತು ಕೇಳಿದ್ದಕ್ಕೆ
ನಕ್ಕು, ಇನ್ನೂ ನಾಲ್ಕು ಕೊಟ್ಟ.

ಜಾಂಬಿಯಾದಿಂದ ಬಂದವಳು ಮುಟಿಂಟಾ.
ಶಾಲೆಯ ಗೋಡೆಗೆ ಅವಳ ಹೆಸರಿನ ಬ್ಯಾನರು.
ಅದರ ಮೇಲಿನ ದೊಡ್ಡ ಪದವನ್ನು ಹೆಡ್ ಬಾಯಾರು
ನನಗಾಗಿ ಎಲ್ಲಿಂದಲೋ ಹುಡುಕಿ ಕನ್ನಡದಲ್ಲಿ ಹೇಳಿದರು:
ಒಳಗೊಳ್ಳುವಿಕೆ.
ಹೇಳಿ ಮುಗಿಸುವಷ್ಟರಲ್ಲಿ ಹಾಲು ಉಕ್ಕಿ ಹೋಗುತ್ತದೆ.
ಒಳಗ ಬಾ ಅಂದರ ಸಾಲದೇನು?

ದಾವಲನಿಗೆ ಆರು ವರ್ಷ.
ಕತ್ತು ಅವನ ಮಾತು ಕೇಳುವುದಿಲ್ಲ, ಬೆನ್ನೂ ಅಷ್ಟೆ.
ಇಷ್ಟು ದಿನ ಅವನು ಓದಿದ್ದು ಒಂದೇ ಪುಟ:
ತಗಡಿನ ಚಾವಣಿ, ಅದರ ಹದಿನೇಳು ಮೊಳೆ,
ಹದಿನೆಂಟನೆಯದು ಇರಬೇಕಾದಲ್ಲಿ ತೂತು, ತೂತಿನಲ್ಲಿ ಬಿಸಿಲು.
ಅವನವ್ವ ಮಾಬೂಬಿ ಬಂದರಿನ ಗೋದಾಮು ಗುಡಿಸುತ್ತಾಳೆ.
"ಇಂವ ಕುಂತಿದ್ದು ನಾ ನೋಡೇ ಇಲ್ಲ" ಅಂದಳು,
ಉಪ್ಪು ಮುಗಿದಿದೆ ಅನ್ನುವ ದನಿಯಲ್ಲಿ.

ಮೈದಾ ಅಂಟು ಕುದಿಸುವುದು ನನ್ನ ಪಾಲಿಗೆ ಬಂತು.
ಸೌಟು ತಿರುವುವುದನ್ನು ನೋಡಿ ಮುಟಿಂಟಾ "ನ್ಶೀಮಾ!" ಅಂದಳು.
ನಾನು "ಸಂಗಟಿ" ಅಂದೆ.
ಅವಳು ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು, ನಾನೂ ಮುಟ್ಟಿ ತೋರಿಸಿದೆ.
ಹತ್ತು ದಿನದಲ್ಲಿ ನಾವಿಬ್ಬರೂ ಆಡಿದ
ಎಲ್ಲಕ್ಕಿಂತ ಉದ್ದದ ಮಾತು ಅದು.

ಅಳತೆಗೆ ಕೂತಾಗ ಜಗಳ.
ಅವಳ ಗೇಣು ನನ್ನ ಗೇಣಿಗಿಂತ ಒಂದು ಬೆರಳು ಉದ್ದ,
ಶಾಲೆಯ ಟೇಪಿಗೆ ಮೊದಲ ನಾಲ್ಕು ಇಂಚೇ ಇಲ್ಲ.
ಕಡೆಗೆ ಬಲೆ ಹೆಣೆಯುವ ದಾರ ಬೇಡಿ ತಂದು
ಹುಡುಗನ ಮೈಗೇ ಹಿಡಿದೆವು:
ಸೊಂಟದಿಂದ ಮೊಣಕಾಲಿಗೆ ಒಂದು ಗಂಟು,
ಮೊಣಕಾಲಿನಿಂದ ಹಿಮ್ಮಡಿಗೆ ಒಂದು,
ಮೊಣಕೈಗೆ, ಕಂಕುಳಿಗೆ.
ಕಂಕುಳು ಅಂದರೆ ಅವನಿಗೆ ಕಚಗುಳಿ.
ನಕ್ಕು ಅಳತೆ ತಪ್ಪಿಸಿದ. ಮತ್ತೆ ಹಿಡಿದೆವು, ಮತ್ತೆ ನಕ್ಕ.

ಪದರದ ಮೇಲೆ ಪದರ, ಹನ್ನೊಂದು ಪದರ.
ಬಾಟಲಿಯ ಚಿತ್ರ ಒಳಮುಖವಾಗಿರಲಿ ಅಂದರು ಹೆಡ್ ಬಾಯಾರು.
ಮೇ ಕೊನೆಯ ಬೆವರಿನಲ್ಲಿ ರಟ್ಟು ಒಣಗಲೊಲ್ಲದು.
ಪಿಯೆದಾದ್ ಮಾಂಯ್ ತನ್ನ ಬಂಗುಡೆಗಳನ್ನು ಸರಿಸಿ
ಮರಳಿನ ಮೇಲೆ ಜಾಗ ಕೊಟ್ಟಳು,
ಕಾಗೆ ಓಡಿಸುವ ಕೋಲಿನಿಂದಲೇ ಕುರ್ಚಿಯನ್ನೂ ಕಾದಳು.
ಮೂರನೆಯ ಸಂಜೆ ಬಾಡಿಗೆ ಕೇಳಿದಳು.
ಆಮೇಲೆ, ಯಾರು ಕೂರೋದು ಇದರಲ್ಲಿ ಎಂದು ಕೇಳಿ,
ತನಗೆ ತಾನೇ ಬೈದುಕೊಂಡು ಹೋದಳು.

ಕುರ್ಚಿಗೆ ಇವತ್ತಿಗೂ ಮೀನಿನ ವಾಸನೆ.
ಶಾಲೆಯ ಬೆಕ್ಕು ದಾವಲನನ್ನು ಬಿಟ್ಟು ಕದಲುವುದಿಲ್ಲ.

ಕೂರಿಸಿದ ದಿನ ಫೋಟೋದವರು ಬಂದಿದ್ದರು.
ಇತ್ತ ನೋಡು, ಪುಟ್ಟಾ, ಇತ್ತ ನೋಡು.
ಅವನು ನೋಡಲಿಲ್ಲ.
ಎದುರಿನ ಸಾಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗಿಯನ್ನು ನೋಡಿದ,
ಬಾಗಿಲನ್ನು,
ಬಾಗಿಲಲ್ಲಿ ನಿಂತ ಅವ್ವನನ್ನು.
ಕೆಳಗಿನಿಂದ ಬರೀ ಗದ್ದವಾಗಿದ್ದವಳಿಗೆ
ಹಣೆಯೂ ಇದೆ ಎಂದು ಆಗ ಗೊತ್ತಾಗಿರಬೇಕು.
ಎಷ್ಟು ಹೊತ್ತು ನೋಡಿದನೆಂದರೆ
ಮಾಬೂಬಿ ನಾಚಿ ಸೆರಗು ಮುಖಕ್ಕೆ ತಂದಳು.
ಅದೇ ತಪ್ಪಾಯಿತು. ಚೀರಿ ಚೀರಿ
ಆ ಸೆರಗನ್ನು ತೆಗೆಸಿದ.

ಮುಟಿಂಟಾ ಹೋಗುವಾಗ ಬೇರೆ ಏನೂ ಬೇಡ ಅಂದಳು.
ಮೊಳೆಗೆ ತೂಗುಹಾಕಿದ್ದ ದಾರ ಬಿಚ್ಚಿ
ಬೆರಳಿಗೆ ಸುತ್ತಿಕೊಂಡಳು, ನನ್ನನ್ನು ನೋಡಿದಳು.
ಒಯ್ಯಿ ಅಂದೆ. ಯಾವ ಭಾಷೆಯಲ್ಲಿ ತಿಳಿಯಿತೋ.

ನಿನ್ನೆ ಲಕೋಟೆ ಬಂತು. ಪತ್ರವಿಲ್ಲ.
ನೀಲಿ ದಾರ, ನಾಲ್ಕು ಗಂಟು, ತುದಿಯಲ್ಲಿ ಒಂದು ಚೀಟಿ.
ಹೆಡ್ ಬಾಯಾರು ಓದಿದರು: ಚಿಪೋ, ಏಳು ವರ್ಷ.
ದಾವಲನ ಕಾಲಿಗೆ ಹಿಡಿದು ನೋಡಿದೆ.
ಆ ಮಗು ಮೊಣಕಾಲ ಕೆಳಗೆ ಎರಡು ಬೆರಳು ಉದ್ದ.
ಇವನೂ ಬೆಳೆದಿದ್ದಾನೆ,
ಮೊಣಕಾಲು ಊಟದ ಹಲಗೆಗೆ ತಾಗುತ್ತಿದೆ.

ಬಾರು ಹತ್ತು ಗಂಟೆಗೆ ತೆಗೆಯುತ್ತದೆ.