ಅರ್ಧ ತಾಸಿನ ಜಾಡಿ

ರಾತ್ರಿ ಎರಡೂ ಹತ್ತು.
ಗಾಳಿ ತೊಟ್ಟಿಯ ಕಂದು ನೀರು
ಗಾಜಿನ ಜಾಡಿಗೆ ತುಂಬಿ ಕಟ್ಟಿ ಮ್ಯಾಲ ಇಟ್ಟೀನಿ.
ಅರ್ಧ ತಾಸು ಮುಟ್ಟಬಾರದು, ಅಲುಗಿಸಬಾರದು.
ಕುಂತು ನೋಡೂದೇ ಪರೀಕ್ಷೆ.

ಯಾದಗಿರಿ ಮಲಗ್ಯಾದ.
ದಿನವೆಲ್ಲ ಅದು ತೊಳಕೊಂಡದ್ದು ಈಗ ನನ್ನ ಕಡಿ ಬಂದದ:
ಚಹಾದಂಗಡಿ ಗಲಾಸು, ಸ್ಟೇಷನ್ ಕಡಿಯ ಸಾಬೂನು ನೊರಿ,
ಯಾರದೋ ಮದಿವಿ ಹುಗ್ಗಿಯ ತುಪ್ಪ.
ಜಾಲರಿಗೆ ಇವತ್ತು ಸಿಕ್ಕದ್ದು
ಗುಟ್ಕಾ ಚೀಟಿ ಎರಡು ಬುಟ್ಟಿ,
ಕೂಸಿನ ಒಂದೇ ಕಾಲ್ಚೀಲ,
ಕಟ್ಟಿಸಿದ ಹಲ್ಲು, ಕೆಳಗಿನ ಸಾಲಿನದು.
ಕೇಳಿಕೊಂಡು ಯಾರೂ ಬರಲಿಲ್ಲ.

ಐದು ನಿಮಿಷ. ಮ್ಯಾಲ ಒಂದು ಬೆರಳು ತಿಳಿ ಆಗ್ಯಾದ.

ಈ ಕಂದು ಬರೇ ಕೆಸರಲ್ಲ, ದನ.
ಕಣ್ಣಿಗೆ ಕಾಣದ ದನ, ಊರ ಹೊಲಸು ಮೇಯ್ತಾವ.
ಮೇವಿಗೇನೂ ಕಡಿಮಿ ಇಲ್ಲ. ಕಡಿಮಿ ಬೀಳೂದು ಉಸಿರು.
ಕರೆಂಟ್ ಹೋಗಿ ಬ್ಲೋವರ್ ನಿಂತ್ರ
ಬೆಳಗಾಗೂದ್ರಾಗ ಸಾಯಲಿಕ್ಕೆ ಹತ್ತತಾವ.
ಆ ವಾಸನಿ ನಿದ್ದಿಯೊಳಗೂ ಗುರ್ತು ಹಿಡೀತೀನಿ.

ಹೋದ ಮಾಘದಾಗ ಬೇರಿಂಗ್ ಒಡೆದು
ಮೂರು ದಿನ ತೊಟ್ಟಿ ಕಪ್ಪಿಟ್ಟಿತ್ತು.
ರಿಪೇರಿಗೆ ಬಂದಂವ ನಾಂಚಾರಯ್ಯ,
ಕೃಷ್ಣಾ ಸಮುದ್ರ ಮುಟ್ಟೂ ಕಡಿಯಂವ.
ನಮ್ಮವ್ವ ಗುರುಮಠಕಲ್ ಕಡಿಯಾಕಿ, ಹಂಗಾಗಿ
ಅವನ ತೆಲುಗು ನನಗ ಅರ್ಧ ತಿಳೀತು:

ಅವನು ಸಣ್ಣಂವಿದ್ದಾಗ ಒಂದು ವರ್ಷ
ಅಳಿವೆಯ ನೀರಿಗೆ ಹಸರು ಚರ್ಮ ಬಂತಂತ.
ಒಂದು ಮುಂಜಾನಿ ಏಡಿಗೋಳು
ತಾವೇ ದಂಡಿ ಹತ್ತಿ ಬಂದುವಂತ, ಸಾವಿರಗಟ್ಟಲೆ.
ಊರೆಲ್ಲ ಬುಟ್ಟಿ ಹಿಡಕೊಂಡು ಓಡಿದರು,
ಹಬ್ಬ ಬಂತು ಅಂದರು.
ಅವು ಉಸಿರಿಗಂತ ಬಂದಿದ್ದವು.
ಆಮ್ಯಾಲ ಎರಡು ವರ್ಷ ಅವರಪ್ಪನ ಬಲಿ
ಗೂಟಕ್ಕ ನೇತಾಡಿತು.

ನಮ್ಮೂರಿಂದು ಅಲ್ಲೀ ತನಕ ಬರತದೇನು? ಕೇಳಿದೆ.
ಪಾನಾ ಒರೆಸಿಕೊಂತ ಅವನು ನಡುವಿನ ಡ್ಯಾಮು ಎಣಿಸಿದ,
ಶ್ರೀಶೈಲಕ್ಕ ಬಂದು ಬೆರಳು ಬಿಟ್ಟುಬಿಟ್ಟ.
ಮಳಿಗಾಲದಾಗ ಗೇಟು ತಗೀತಾರಲ್ಲ, ಅಂದ.

ಹದಿನೈದು ನಿಮಿಷ. ಅರ್ಧ ಜಾಡಿ ತಿಳಿ.

ಬ್ಯಾಸಿಗ್ಯಾಗ ಬಂದು ನೋಡ್ರಿ ನಮ್ಮ ಭೀಮಾ:
ಬಂಡಿಗಲ್ಲು, ಉಸುಕು, ನಡುವೆ ಒಂದು ಸಣ್ಣ ಗೆರಿ.
ಆ ಗೆರಿ ನಾ ಬಿಟ್ಟ ನೀರು.
ಅದರಾಗ ಎಮ್ಮಿ ಕೂಡತಾವ,
ಹುಡುಗುರು ಬಿದ್ದು ಹೊರಳಾಡತಾರ.
ಇದು ನಿಮ್ಮ ಬಚ್ಚಲದ್ದೇ ಅಂತ
ಅವರಿಗೆ ನಾ ಹೇಳಿಲ್ಲ.

ಹೋಗೂ ಮುಂದ ನಾಂಚಾರಯ್ಯ
ಪೇಪರಿನಾಗ ಸುತ್ತಿ ಒಣ ಸೀಗಡಿ ಕೊಟ್ಟ.
ಹದಿನಾಕು ವರ್ಷ ನನ್ನ ಅಂಗಿ ವಾಸನಿಗೆ
ತುಟಿ ಪಿಟ್ ಅನ್ನದ ತಾಯಮ್ಮ
ಆ ಪೊಟ್ಟಣಕ್ಕ ಮೂಗು ಮುಚ್ಚಿ ಅಂಗಳ ತೋರಿಸಿದಳು.
ಇಲ್ಲೇ ಈ ಕಟ್ಟಿ ಮ್ಯಾಲ ಕುಂತು
ಜ್ವಾಳದ ರೊಟ್ಟಿಗೆ ಹಚ್ಚಿಕೊಂಡು ತಿಂದೆ.
ಉಪ್ಪು, ಜರಾ ಮರಳು.
ನಾ ಕಂಡ ಸಮುದ್ರ ಇಷ್ಟೇ.

ಎರಡೂ ನಲವತ್ತು. ಗೆರಿ ಮುನ್ನೂರ ಹತ್ತಕ್ಕ ನಿಂತದ.
ರಜಿಸ್ಟರಿನಾಗ ಬರಿದು,
ಶರಾ ಅನ್ನೂ ಕಡಿ ಎಂದಿನಂಗ ಖಾಲಿ ಬಿಟ್ಟು,
ಜಾಡಿ ತೊಟ್ಟಿಗೆ ಸುರೂತೀನಿ:
ಹೋಗ್ರಿ, ಮೇಯ್ರಿ.

ರಾತ್ರಿ ಯಾರು ನೋಡತಾರ, ಬ್ಲೋವರ್ ಬಂದ್ ಇಡು,
ಅಂದಿದ್ದ ಡೀಸೆಲ್ ಬಿಲ್ಲು ನೋಡಿ ನಮ್ಮ ಸಾಹೇಬ.
ಹೂಂ ಅಂದಿದ್ದೆ.

ಕರೆಂಟ್ ಹೋತು.
ಕತ್ತಲದಾಗ ಗುಳ್ಳಿಗೋಳು ಒಂದೊಂದೇ ನಿಲ್ಲೂದು ಕೇಳತದ.
ಜನರೇಟರಿನ ಟಾಕಿಗೆ ಕಡ್ಡಿ ಅದ್ದಿ
ಬ್ಯಾಟರಿ ಬೆಳಕಿಗೆ ಹಿಡೀತೀನಿ:
ನಾಕು ಬೆರಳು.
ಮುಂಜಾನಿ ತನಕ ಆಗತದ.