ಮರೆ

ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ
ಮೊದಲ ಬಸ್ಸು. ಕಂಡಕ್ಟರ್ ನಾನು.
ಈ ದಾರಿಯ ಗುಂಡಿಗಳೆಲ್ಲ ಡ್ರೈವರ್ ಪಿಳ್ಳಪ್ಪನಿಗೆ ಬಾಯಿಪಾಠ,
ಮರೆಗಳು ನನಗೆ.

ಕ್ರಾಸು ದಾಟಿದ ಮೇಲೆ ಲಂಟಾನದ ಪೊದೆಯಿತ್ತು.
ಹಿಪ್ಪುನೇರಳೆ ತೋಟದ ಬದು, ಸೊಪ್ಪು ಕೊಯ್ಯುವ ಮುಂಚೆ ಮಾತ್ರ.
ಕುಂಟೆಯ ಕಟ್ಟೆ, ಬೆಳದಿಂಗಳಿಲ್ಲದಿದ್ದರೆ.
ಪೆಟ್ರೋಲ್ ಬಂಕಿನದಕ್ಕೆ ಬೀಗ;
ಕೀಲಿಕೈ ಕೇಳಿದರೆ ಹುಡುಗ
ಇನ್ನೊಬ್ಬ ಹುಡುಗನ ಮುಖ ನೋಡಿ ನಗುತ್ತಾನೆ.

ಹೋದ ಬೇಸಿಗೆ ಅಳೆಯುವವರು ಬಂದರು,
ಹುಣಸೆಮರಗಳ ಮೈಮೇಲೆ ನಂಬರು ಬರೆದರು.
ಯುಗಾದಿಯ ಹೊತ್ತಿಗೆ ರಸ್ತೆ ಎರಡರಷ್ಟು ಅಗಲ.
ನಡುವೆ ಸಾಲಾಗಿ ಹೂಗಿಡ, ಮೊಣಕಾಲೆತ್ತರ,
ಕೋಳಿಗೂ ಮರೆಯಾಗದಷ್ಟು.

‘ಏನು ರೋಡಮ್ಮಾ! ಹೊಟ್ಟೇಲಿರೋ ನೀರು ಅಲ್ಲಾಡಲ್ಲ’
ಅಂದರು ಕಿಟಕಿ ಪಕ್ಕದ ಯಜಮಾನರು.

ನೀರೆಲ್ಲಿದೆ ಯಜಮಾನರೇ ಅಲ್ಲಾಡೋಕೆ?
ನಾಲ್ಕಕ್ಕೆ ಎದ್ದು ನಾಲಿಗೆ ನೆನೆಯುವಷ್ಟು ಕುಡಿದು
ಬಾಟಲಿ ಬಿಗಿದಿಟ್ಟವಳು ನಾನು.
ಸೇವಂತಿಗೆಗೆ ದಾರಿಯುದ್ದಕ್ಕೂ ನೀರು ಚಿಮುಕಿಸುವ ನಾರೆಮ್ಮ
ತಾನೊಂದು ಗುಟುಕು ಕುಡಿಯಳು.
ದಿನವಿಡೀ ಗೂಡು ಬೇಯುವ ನೀರಲ್ಲಿ ಬೆರಳದ್ದುವ ಗುಲ್ನಾಜ್,
ಅವಳ ಗಂಟಲೂ ಒಣ.
ಏಳು ತಿಂಗಳ ಬಸುರಿ ಅಂಗನವಾಡಿ ಟೀಚರು
ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದ್ದಾಳೆ.
ಎಲ್ಲರಿಗೂ ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟಿದ್ದೇನೆ.
ಚಾರ್ಜು ಅವರು ಬೇರೆ ಕಡೆ ಕಟ್ಟುತ್ತಾರೆ,
ಕಿಬ್ಬೊಟ್ಟೆಯಲ್ಲಿ.

ಮೊನ್ನೆ ಒಬ್ಬಳು ಹುಡುಗಿ ಹತ್ತಿದಳು,
ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ.
ದಾರಿಯಲ್ಲಿ ಹೆಂಗಸರ ಶೌಚಾಲಯ ಇದೆಯೇ, ಇಲ್ಲವೇ?
ಇದೆ, ಬೀಗ ಹಾಕಿದೆ ಅಂದೆ.
ಹಾಗೆ ಬರೆಯಲು ಅದರಲ್ಲಿ ಜಾಗವಿಲ್ಲವಂತೆ.
ಪಾಪ, ಸ್ವಲ್ಪ ಹೊತ್ತು ಬೆರಳು ಗಾಳಿಯಲ್ಲೇ ಹಿಡಿದಿದ್ದು
‘ಇದೆ’ ಒತ್ತಿದಳು.
ಇಳಿಯುವಾಗ ಮೆಲ್ಲಗೆ ನನ್ನನ್ನೇ ಕೇಳಿದಳು:
ಅಕ್ಕಾ, ಇಲ್ಲಿ ಎಲ್ಲಾದರೂ…

ರಾತ್ರಿ ಕೊನೆಯ ಟ್ರಿಪ್ಪು.
ಖಾಲಿ ಮಂಕರಿ ಹಿಡಿದು ನಾರೆಮ್ಮ ಕ್ರಾಸಿನಲ್ಲಿ ಇಳಿಯುತ್ತಾಳೆ.
ಹೊಸ ಕಂಬಗಳು ನಡುರಸ್ತೆಗಷ್ಟೇ ಬೆಳಕು ಸುರಿಯುತ್ತವೆ,
ಓಡುವವರಿಗೆ.
ಊರ ಕಡೆಯ ಮಣ್ಣುದಾರಿಗೆ ಬಸ್ಸಿನ ಮೂತಿ ತಿರುಗಿಸಿ
ಪಿಳ್ಳಪ್ಪ ದೊಡ್ಡ ಲೈಟು ಹಾಕಿಕೊಂಡು ಕಾಯುತ್ತಾನೆ,
ಅವಳ ನೆರಳು ಗುಂಡುಬಂಡೆ ತಿರುಗುವ ತನಕ.
ಯಾರೂ ಗೊಣಗುವುದಿಲ್ಲ.
ಆಮೇಲೆ ನಾನು ರೈಟ್ ಅನ್ನುತ್ತೇನೆ.

ಡಿಪೋದಲ್ಲಿ ಬರೆಯಬೇಕು: ತಡ, ನಾಲ್ಕು ನಿಮಿಷ.
ಕಾರಣ ಎಂಬಲ್ಲಿ ದಿನವೂ ಒಂದೇ ಬರೆಯುತ್ತೇನೆ:
ರಸ್ತೆ ಸರಿಯಿಲ್ಲ.